ಮರ್ಯಾದಾವಿಚಾರ: ಮನೋವೈದ್ಯದ ಶಿಕ್ಷಾರ್ಥಿಯೂ ಮೇಲ್ವಿಚಾರಕನೂ

ಮನಶ್ಶಾಸ್ತ್ರವನ್ನು ಪುಸ್ತಕಮುಖದಿಂದ ಓದಿ ಮುಗಿಸಿದ ವಿದ್ಯಾರ್ಥಿಯು ರೋಗಿಯ ಎದುರಿಗೆ ಕುಳಿತು ಕೆಲಸ ಕಲಿಯುವ ಕಾಲದಲ್ಲಿ ಅವನ ಮೇಲೆ ಅನುಭವಿಯೊಬ್ಬನ ಮೇಲ್ವಿಚಾರಣೆ ಇರುವುದು. ಈ ಇಬ್ಬರ ಸಂಬಂಧವು ಎಲ್ಲಿಯವರೆಗೆ ಹೋಗಬಹುದು, ಎಲ್ಲಿ ನಿಲ್ಲಬೇಕು ಎಂಬ ವಿಷಯವನ್ನು ಇಂಗ್ಲಿಷಿನಲ್ಲಿ ಬರೆಯುವವರು ‘ಬೌಂಡರಿ’ ಎಂಬ ಪರಿಭಾಷೆಯಿಂದ ವ್ಯವಹರಿಸುತ್ತಾರೆ. ಇದಕ್ಕೆ ಕನ್ನಡದಲ್ಲಿ ‘ಮರ್ಯಾದೆ’ ಎಂಬ ಮಾತೇ ತಕ್ಕದ್ದೆಂಬುದು ನಮ್ಮ ಅಭಿಪ್ರಾಯ. ಆದರೆ ಆ ಮಾತನ್ನು ಇಂದಿನ ರೂಢಾರ್ಥದಲ್ಲಿ ಹಿಡಿದರೆ ವಿಚಾರವೆಲ್ಲ ತಲೆಕೆಳಗಾಗುವುದು. ಅದರ ಮೂಲಾರ್ಥದಲ್ಲಿ ಹಿಡಿದರೆ ನೇರವಾಗುವುದು. ರೋಗಿಯ ಹಿತವೂ ಶಿಕ್ಷಾರ್ಥಿಯ ಬಾಳೂ ಈ ಅರ್ಥನಿರ್ಣಯವನ್ನು ಆಶ್ರಯಿಸಿರುವುದರಿಂದ ಇದನ್ನು ವಿದ್ವಾಂಸರ ಮುಂದೆ ಇಡುತ್ತಿದ್ದೇವೆ. ‘ಶಿಕ್ಷಾರ್ಥಿ’ ಎಂಬಲ್ಲಿಯೂ ‘ಮೇಲ್ವಿಚಾರಕ’ ಎಂಬಲ್ಲಿಯೂ ಸ್ತ್ರೀಯರನ್ನೂ ಗ್ರಹಿಸತಕ್ಕದ್ದು.

೧. ಶಬ್ದವಿಚಾರ

ಸಂಸ್ಕೃತದಲ್ಲಿ ‘ಮರ್ಯಾದಾ’ ಎಂದರೆ ಮೊದಲಿಗೆ ಎಲ್ಲೆ, ಗಡಿ. ಕಡಲು ತನ್ನ ದಡವನ್ನು ಮೀರದಿರುವುದನ್ನು ಕವಿಗಳು ಈ ಶಬ್ದದಿಂದಲೇ ವರ್ಣಿಸುವರು. ಎಲ್ಲೆಯನ್ನು ಮೀರದೆ ನಡೆಯುವುದು ಸದಾಚಾರವಾದುದರಿಂದ ಶಬ್ದಕ್ಕೆ ‘ಸದಾಚಾರ’ ಎಂಬ ಅರ್ಥವು ಬಂದಿತು. ಸದಾಚಾರವುಳ್ಳವನು ಗೌರವಕ್ಕೆ ಪಾತ್ರನಾದುದರಿಂದ ಕನ್ನಡದಲ್ಲಿ ‘ಗೌರವ’ ಎಂಬ ಅರ್ಥವೇ ಬಲಿತು ನಿಂತಿತು. ‘ಹಿರಿಯರಿಗೆ ಮರ್ಯಾದೆ ಕೊಡು’, ‘ಅವನ ಮರ್ಯಾದೆ ಹೋಯಿತು’, ‘ಮರ್ಯಾದಸ್ಥ’ ಎಂಬ ಪ್ರಯೋಗಗಳಲ್ಲಿ ಎಲ್ಲೆಯ ಸುಳಿವೇ ಕಾಣದು. ಈ ಶಬ್ದದ ತದ್ಭವವೆಂದು ಎಣಿಸುವ ‘ಮೇರೆ’ ಎಂಬ ಮಾತು ಮಾತ್ರ ಹಳೆಯ ಅರ್ಥವನ್ನು ಬಿಡಲಿಲ್ಲ. ‘ಮೇರೆ ಮೀರಿದ ನಡತೆ’ ಎಂದು ಇಂದಿಗೂ ಹೇಳುತ್ತೇವೆ.

ಈ ಅರ್ಥಾಂತರದಲ್ಲಿ ಒಂದು ನಷ್ಟವಾಯಿತು. ಎಲ್ಲೆಯು ಇಬ್ಬರಿಗೂ ಸೇರಿದ್ದು. ಎರಡು ಹೊಲಗಳ ನಡುವಣ ಬದುವು ಈ ಕಡೆಯವನನ್ನು ಹೇಗೆ ತಡೆಯುವುದೋ ಆ ಕಡೆಯವನನ್ನೂ ಹಾಗೆಯೇ ತಡೆಯುವುದು. ಗೌರವವಾದರೋ ಲೋಕರೂಢಿಯಲ್ಲಿ ಕೆಳಗಿನಿಂದ ಮೇಲಕ್ಕೆ ಸಲ್ಲುವಂಥದು. ಹೀಗೆ ಉಭಯರಿಗೂ ಸಮನಾಗಿದ್ದ ಮರ್ಯಾದೆಯು ಕಿರಿಯನು ಹಿರಿಯನಿಗೆ ತೆರುವ ಕಾಣಿಕೆಯಾಗಿ ಮಾರ್ಪಟ್ಟಿತು. ಅದರ ಫಲವೇನೆಂದರೆ, ‘ಇಲ್ಲಿಗೆ ನಿಲ್ಲಿಸೋಣ’ ಎಂದು ಎಲ್ಲೆಯನ್ನು ತೋರಿಸಿದ ಕಿರಿಯನೇ ‘ಮರ್ಯಾದೆಗೆಟ್ಟವನು’ ಎನಿಸಿಕೊಳ್ಳುವನು.

ನಮ್ಮ ಪ್ರಾಂತದ ಶಾಸನಗಳನ್ನು ಓದಿದವರಿಗೆ ಮೂಲಾರ್ಥವು ಅಪರಿಚಿತವಲ್ಲ. ಹರಪನಹಳ್ಳಿಯ ಬಾಗಳಿ, ಹಡಗಲಿಯ ಸೀಮೆಯ ಗ್ರಾಮಗಳು, ಕೂಡ್ಲಿಗಿ ಕೊಟ್ಟೂರುಗಳ ಸುತ್ತಣ ಊರುಗಳು ಶಾಸನಸಮೃದ್ಧವಾದ ಸ್ಥಳಗಳು. ಕನ್ನಡನಾಡಿನ ದಾನಶಾಸನಗಳಲ್ಲಿ ಕೊಟ್ಟವನ ಹೊಗಳಿಕೆ ಎಷ್ಟೇ ದೀರ್ಘವಾಗಿದ್ದರೂ, ಭೂಮಿಯ ವಿಷಯ ಬಂದೊಡನೆ ಹಳ್ಳ, ಕಲ್ಲು, ಮರ, ದಾರಿಗಳನ್ನು ಹೆಸರಿಸಿ ದಿಕ್ಕು ದಿಕ್ಕಿನ ಎಲ್ಲೆಯನ್ನು ಹೇಳುವ ಪದ್ಧತಿಯುಂಟು. ದಾನಿಯ ಸದ್ಭಾವದಲ್ಲಿ ಸಂಶಯವಿದ್ದುದರಿಂದ ಹಾಗೆ ಬರೆಯಿಸಿದರೆಂದು ಯಾರೂ ಹೇಳರು. ದಾನವು ಬಾಳಬೇಕಾದರೆ ಎಲ್ಲೆಯು ಸ್ಪಷ್ಟವಾಗಿರಬೇಕೆಂಬುದೇ ಅದರ ತಾತ್ಪರ್ಯ. ವಿದ್ಯಾದಾನಕ್ಕೂ ಇದೇ ನ್ಯಾಯವು ಸಲ್ಲುವುದು.

ವೈಯಾಕರಣರ ಸೂಕ್ಷ್ಮವೊಂದನ್ನು ಇಲ್ಲಿಯೇ ಹೇಳಬೇಕು. ಪಾಣಿನಿಯು ‘ಆಙ್’ ಎಂಬ ನಿಪಾತಕ್ಕೆ ಮರ್ಯಾದೆ, ಅಭಿವಿಧಿ ಎಂಬ ಎರಡು ಅರ್ಥಗಳನ್ನು ಬೇರೆ ಬೇರೆಯಾಗಿ ಹೇಳಿದ್ದಾನೆ. ಎಲ್ಲೆಯಾಗಿ ಹೇಳಿದ ವಸ್ತುವನ್ನು ಹೊರಗಿಟ್ಟರೆ ಮರ್ಯಾದೆ. ಅದನ್ನೂ ಒಳಗೊಂಡರೆ ಅಭಿವಿಧಿ. ‘ಕೂಡ್ಲಿಗಿಯವರೆಗೆ ಮಳೆಯಾಯಿತು’ ಎಂದರೆ ಕೂಡ್ಲಿಗಿಯಲ್ಲಿ ಮಳೆ ಬಿದ್ದಿತೋ ಇಲ್ಲವೋ? ಊರ ಹೊರಗೇ ನಿಂತಿದ್ದರೆ ಮರ್ಯಾದೆ, ಊರೊಳಗೂ ಸುರಿದಿದ್ದರೆ ಅಭಿವಿಧಿ. ‘ವರೆಗೆ’ ಎಂಬ ಕನ್ನಡದ ಮಾತು ಎರಡಕ್ಕೂ ಒಂದೇ. ಶಿಕ್ಷಾರ್ಥಿಗೂ ಮೇಲ್ವಿಚಾರಕನಿಗೂ ನಡುವೆ ಹುಟ್ಟುವ ಮನಸ್ತಾಪಗಳಲ್ಲಿ ಬಹುಭಾಗವು ಈ ‘ವರೆಗೆ’ ಎಂಬುದನ್ನು ಬಿಡಿಸಿ ಹೇಳದಿರುವುದರಿಂದಲೇ ಉಂಟಾಗುವುದು.

೨. ಈ ಶಿಕ್ಷಣವು ನಮ್ಮಲ್ಲಿ ಬೆಳೆದ ಬಗೆ

ಮನಶ್ಶಾಸ್ತ್ರವು ಪ್ರತ್ಯೇಕ ವಿಭಾಗವಾಗಿ ೧೯೧೬ರಲ್ಲಿ ಕಲ್ಕತ್ತೆಯ ವಿಶ್ವವಿದ್ಯಾಲಯದಲ್ಲಿಯೂ ೧೯೨೪ರಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿಯೂ ಆರಂಭವಾಯಿತು. ಮೈಸೂರಿನ ವಿಭಾಗವನ್ನು ಕಟ್ಟಿದವರು ಎಂ. ವಿ. ಗೋಪಾಲಸ್ವಾಮಿಗಳು, ‘ಆಕಾಶವಾಣಿ’ ಎಂಬ ಹೆಸರಿನ ರೇಡಿಯೋ ಕೇಂದ್ರವನ್ನು ೧೯೩೫ರಲ್ಲಿ ಮೈಸೂರಿನಲ್ಲಿ ನಡೆಸಿದವರೂ ಅವರೇ. ರೋಗಿಗಳ ನಡುವೆ ಕೆಲಸ ಕಲಿಸುವ ಶಿಕ್ಷಣವು ಮಾತ್ರ ೧೯೫೪ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಸ್ಥಾಪಿತವಾದ ಮೇಲೆ, ೧೯೫೫ರಿಂದ, ನೆಲೆಗೊಂಡಿತು. ಆ ಸಂಸ್ಥೆಯೇ ೧೯೭೪ರಲ್ಲಿ ನಿಮ್ಹಾನ್ಸ್ ಆಯಿತು. ೧೯೯೨ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯಿದೆಯು ಈ ವೃತ್ತಿಯವರ ನೋಂದಣಿಗೆ ದಾರಿ ಮಾಡಿತು. ೨೦೧೭ರ ಮಾನಸಿಕ ಆರೋಗ್ಯ ಪಾಲನೆಯ ಕಾಯಿದೆಯು ಕ್ಲಿನಿಕಲ್ ಸೈಕಾಲಜಿಸ್ಟ್ ಎಂದರೆ ಯಾರೆಂದು ಲಕ್ಷಣ ಹೇಳುವಾಗ, ಎರಡು ವರ್ಷಗಳ ಪೂರ್ಣಾವಧಿಯ ವ್ಯಾಸಂಗವನ್ನೂ ಅದರಲ್ಲಿ ಮೇಲ್ವಿಚಾರಣೆಗೆ ಒಳಪಟ್ಟ ಚಿಕಿತ್ಸಾಶಿಕ್ಷಣವನ್ನೂ ಲಕ್ಷಣದೊಳಗೇ ಸೇರಿಸಿತು. ಮೇಲ್ವಿಚಾರಣೆಯು ಈ ವೃತ್ತಿಗೆ ಹೊರಗಿನ ಅಲಂಕಾರವಲ್ಲ, ಸ್ವರೂಪಲಕ್ಷಣವೆಂದು ಇದರಿಂದ ಸಿದ್ಧವಾಗುವುದು.

ನಮ್ಮ ಪ್ರಾಂತಕ್ಕೆ ಈ ಇತಿಹಾಸದಲ್ಲಿ ವಿಶೇಷ ಸ್ಥಾನವುಂಟು. ೧೯೮೨ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವು ರೂಪುಗೊಂಡ ಬಳಿಕ, ಒಂದು ಜಿಲ್ಲೆಯಲ್ಲಿ ಅದನ್ನು ಪೂರ್ಣವಾಗಿ ನಡೆಸಿ ನೋಡಬೇಕೆಂದು ನಿಮ್ಹಾನ್ಸಿನವರು ೧೯೮೫ರಲ್ಲಿ ಆರಿಸಿಕೊಂಡದ್ದು ಬಳ್ಳಾರಿ ಜಿಲ್ಲೆಯನ್ನು. ಅಂದು ಎಂಟು ತಾಲ್ಲೂಕುಗಳಿದ್ದ ಆ ಜಿಲ್ಲೆಯಲ್ಲಿ ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳು ನಾಲ್ಕು. ಕೊಟ್ಟೂರು ಆಗ ಕೂಡ್ಲಿಗಿ ತಾಲ್ಲೂಕಿನಲ್ಲಿಯೇ ಇದ್ದಿತು. (ಹರಪನಹಳ್ಳಿಯು ೧೯೯೭ರಲ್ಲಿ ದಾವಣಗೆರೆಗೆ ಸೇರಿ ಮುಂದೆ ಬಳ್ಳಾರಿಗೆ ಮರಳಿತು, ೨೦೨೧ರಿಂದ ಈ ಐದೂ ವಿಜಯನಗರ ಜಿಲ್ಲೆಗೆ ಸೇರಿವೆ.) ಮನೋರೋಗತಜ್ಞರು ಹಳ್ಳಿಹಳ್ಳಿಗೂ ಇರುವುದು ಅಸಾಧ್ಯವಾದುದರಿಂದ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಅಲ್ಪಕಾಲದ ಶಿಕ್ಷಣವನ್ನು ಕೊಟ್ಟು, ಜಿಲ್ಲೆಯ ತಂಡವು ಅವರ ಬೆನ್ನಿಗೆ ನಿಂತು ನೋಡಿಕೊಳ್ಳುವುದು ಆ ಕಾರ್ಯಕ್ರಮದ ತಿರುಳಾಗಿತ್ತು. ‘ಬಳ್ಳಾರಿ ಮಾದರಿ’ ಎಂದು ಹೆಸರಾದ ಈ ಕ್ರಮವನ್ನು ಆಧರಿಸಿ ೧೯೯೬ರಲ್ಲಿ ಕೇಂದ್ರ ಸರ್ಕಾರವು ದೇಶದ ಇತರ ಜಿಲ್ಲೆಗಳಲ್ಲಿಯೂ ಕಾರ್ಯಕ್ರಮವನ್ನು ಆರಂಭಿಸಿತು. ಸ್ವಲ್ಪ ಕಲಿತವನು ಹೆಚ್ಚು ಕಲಿತವನ ಮೇಲ್ವಿಚಾರಣೆಯಲ್ಲಿ ರೋಗಿಯನ್ನು ನೋಡಬಹುದೆಂಬುದೇ ಆ ಮಾದರಿಯ ಆಧಾರ. ಕೆಳಗಿರುವವನು ತನ್ನ ಸಂಶಯವನ್ನು ಮೇಲಿರುವವನ ಮುಂದೆ ನಿರ್ಭಯವಾಗಿ ಹೇಳಲಾರದೆ ಹೋದರೆ ಆ ಆಧಾರವೇ ಕುಸಿಯುವುದು.

೩. ಪ್ರಾಚೀನ ವೈದ್ಯಗ್ರಂಥಗಳ ಅಭಿಪ್ರಾಯ

‘ಗುರುಶಿಷ್ಯ ಸಂಬಂಧಕ್ಕೆ ಎಲ್ಲೆಯನ್ನು ಕಟ್ಟುವುದು ಪರದೇಶದ ಪದ್ಧತಿ, ನಮ್ಮದು ಗುರುವಿಗೆ ಸರ್ವಸಮರ್ಪಣೆಯ ಮಾರ್ಗ’ ಎಂದು ಕೆಲವರು ಆಕ್ಷೇಪಿಸಬಹುದು. ಇದು ಪೂರ್ವಪಕ್ಷ. ಆಧ್ಯಾತ್ಮಮಾರ್ಗದ ಗುರುವಿನ ವಿಷಯವನ್ನು ಇಲ್ಲಿ ಎತ್ತುವ ಅವಶ್ಯಕತೆಯಿಲ್ಲ. ವೈದ್ಯವಿದ್ಯೆಯ ಗುರುವಿನ ವಿಷಯದಲ್ಲಿ ಆಚಾರ್ಯರು ಏನು ಹೇಳಿದ್ದಾರೆಂಬುದನ್ನು ನೋಡಿದರೆ ಸಾಕು.

ಚರಕಸಂಹಿತೆಯ ವಿಮಾನಸ್ಥಾನದ ಎಂಟನೆಯ ಅಧ್ಯಾಯದಲ್ಲಿ ವೈದ್ಯವಿದ್ಯಾರ್ಥಿಯ ದೀಕ್ಷೆಯು ವಿಸ್ತಾರವಾಗಿ ನಿರೂಪಿತವಾಗಿದೆ. ಅಲ್ಲಿ ಮೊದಲು ಬರುವುದು ಶಿಷ್ಯನ ಪರೀಕ್ಷೆಯಲ್ಲ. ವಿದ್ಯಾರ್ಥಿಯು ಯಾವ ಶಾಸ್ತ್ರವನ್ನು ಓದಬೇಕೆಂಬುದನ್ನು ತಾನೇ ಪರೀಕ್ಷಿಸಿ, ಆಮೇಲೆ ಆಚಾರ್ಯನನ್ನು ಪರೀಕ್ಷಿಸತಕ್ಕದ್ದೆಂದು ವಿಧಿಸಿದೆ. ಆಚಾರ್ಯನು ಶಾಸ್ತ್ರದಲ್ಲಿಯೂ ಕೈಕೆಲಸದಲ್ಲಿಯೂ ನುರಿತವನಾಗಿರುವುದಲ್ಲದೆ ಅಸೂಯೆಯೂ ಕೋಪವೂ ಇಲ್ಲದವನು, ಶಿಷ್ಯವತ್ಸಲನು, ತಿಳಿಯುವಂತೆ ಹೇಳಬಲ್ಲವನು ಆಗಿರಬೇಕಂತೆ. ದೀಕ್ಷೆಯ ಕಾಲದಲ್ಲಿ ಅಗ್ನಿಸಾಕ್ಷಿಯಾಗಿ ಗುರುವು ಶಿಷ್ಯನಿಗೆ ತನ್ನ ಮಾತನ್ನು ಮೀರದಿರುವಂತೆ ಆಜ್ಞಾಪಿಸುವನು. ಆದರೆ ಆ ಉಪದೇಶದಲ್ಲಿಯೇ ಅಪವಾದಗಳನ್ನೂ ಹೇಳುವನು. ರಾಜನಿಗೆ ವಿರುದ್ಧವಾದದ್ದು, ಪ್ರಾಣವನ್ನು ತೆಗೆಯುವಂಥದು, ಮಹತ್ತಾದ ಅಧರ್ಮ, ಅನರ್ಥವನ್ನು ತರುವಂಥದು, ಇವುಗಳಿಗೆ ಗುರುವಿನ ಆಜ್ಞೆಯು ವ್ಯಾಪಿಸದು. ಗುರ್ವಾಜ್ಞೆಗೆ ಎಲ್ಲೆಯನ್ನು ಹಾಕಿದವನು ಗುರುವೇ ಎಂಬುದು ಇಲ್ಲಿಯ ವಿಶೇಷ.

ಅದೇ ಉಪದೇಶದ ಮುಂದಿನ ಭಾಗವು ರೋಗಿಯ ಮನೆಯನ್ನು ಹೊಗುವ ಕ್ರಮವನ್ನು ಹೇಳುವುದು. ಒಳಹೊಕ್ಕ ಮೇಲೆ ಮಾತು, ಮನಸ್ಸು, ಬುದ್ಧಿ, ಇಂದ್ರಿಯಗಳು ರೋಗಿಯ ಉಪಕಾರದ ಹೊರತು ಬೇರೆಡೆಗೆ ಹರಿಯಕೂಡದು. ಆ ಮನೆಯ ಸಮಾಚಾರವನ್ನು ಹೊರಗೆ ಹೇಳಕೂಡದು. ೨೦೧೭ರ ಕಾಯಿದೆಯು ರೋಗಿಗೆ ಗೋಪ್ಯತೆಯ ಹಕ್ಕನ್ನು ಕೊಟ್ಟಾಗ ಹೇಳಿದ್ದೂ ಇದನ್ನೇ.

ಸುಶ್ರುತನ ಸೂತ್ರಸ್ಥಾನದ ಎರಡನೆಯ ಅಧ್ಯಾಯವು ಇನ್ನೊಂದು ಹೆಜ್ಜೆ ಮುಂದಿಡುವುದು. ಅಲ್ಲಿ ಶಿಷ್ಯನ ನಿಯಮಗಳನ್ನು ಹೇಳಿ ಮುಗಿಸಿದ ಗುರುವು ತನ್ನ ಮೇಲೆಯೂ ನಿಯಮವನ್ನು ಹಾಕಿಕೊಳ್ಳುವನು: ಶಿಷ್ಯನು ಸರಿಯಾಗಿ ನಡೆಯುತ್ತಿರುವಾಗ ತಾನು ಅವನನ್ನು ಬೇರೆಯಾಗಿ ಕಂಡರೆ ತಾನು ಪಾಪಭಾಗಿಯಾಗಲಿ, ತನ್ನ ವಿದ್ಯೆಯು ನಿಷ್ಫಲವಾಗಲಿ ಎಂದು ಅವನ ಪ್ರತಿಜ್ಞೆ. ಬದುವು ಎರಡು ಹೊಲಗಳಿಗೂ ಸೇರಿದ್ದೆಂದು ಮೇಲೆ ಹೇಳಿದುದಕ್ಕೆ ಇದಕ್ಕಿಂತ ಬಲವಾದ ಪ್ರಮಾಣ ಬೇಕಾಗಿಲ್ಲ.

ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯದಲ್ಲಿ, ಶಸ್ತ್ರಕರ್ಮವನ್ನು ರೋಗಿಯ ಮೇಲೆ ಮಾಡುವುದಕ್ಕೆ ಮುಂಚೆ ಕುಂಬಳ, ಸೋರೆ, ಕಲ್ಲಂಗಡಿ, ಸೌತೆ ಮೊದಲಾದ ಕಾಯಿಗಳನ್ನು ಕೊಯ್ದು ಕೈ ಪಳಗಿಸಿಕೊಳ್ಳಬೇಕೆಂಬ ವಿಧಿಯಿದೆ. ಮನಸ್ಸಿನ ಚಿಕಿತ್ಸೆಗಾದರೋ ಅಂಥ ಸೋರೆಕಾಯಿ ಇಲ್ಲ. ಸಹಪಾಠಿಗಳೊಡನೆ ಅಭ್ಯಾಸ ಮಾಡಿದರೂ, ನಿಜವಾದ ದುಃಖದೊಡನೆ ಮಾತನಾಡುವುದನ್ನು ದುಃಖಿತನ ಮುಂದೆಯೇ ಕಲಿಯಬೇಕಾಗುವುದು. ಆದುದರಿಂದ ಈ ವಿದ್ಯೆಯಲ್ಲಿ ಶಿಕ್ಷಾರ್ಥಿಯ ತಪ್ಪು ರೋಗಿಗೆ ತಗಲದಂತೆ ತಡೆಯುವ ಸಾಧನವು ಮೇಲ್ವಿಚಾರಣೆಯೊಂದೇ.

೪. ಮೂರನೆಯವನು

ಪಾಠಶಾಲೆಯಲ್ಲಿ ಕಾವ್ಯವನ್ನೋ ವ್ಯಾಕರಣವನ್ನೋ ಹೇಳಿಕೊಳ್ಳುವಾಗ ಇರುವವರು ಗುರುಶಿಷ್ಯರಿಬ್ಬರೇ. ಗುರುವು ಗದರಿಸಿದರೂ, ಶಿಷ್ಯನು ಹೆದರಿ ಸಂಶಯವನ್ನು ನುಂಗಿದರೂ ಕೆಡುವುದು ಶಿಷ್ಯನ ಪಾಠ ಮಾತ್ರ. ಚಿಕಿತ್ಸಾಲಯದಲ್ಲಿ ಮೂರನೆಯವನೊಬ್ಬನಿದ್ದಾನೆ. ಮೇಲ್ವಿಚಾರಣೆ ನಡೆಯುವಾಗ ಅವನು ಕೋಣೆಯಲ್ಲಿ ಇರುವುದಿಲ್ಲ. ಆದರೆ ಅಲ್ಲಿ ನಡೆಯುವುದೆಲ್ಲ ಅವನ ಸಲುವಾಗಿ. ಆತ್ಮಹತ್ಯೆಯ ಮಾತನ್ನಾಡಿದ ರೋಗಿಯೊಬ್ಬನನ್ನು ಶಿಕ್ಷಾರ್ಥಿಯು ಸಮಾಧಾನ ಹೇಳಿ ಮನೆಗೆ ಕಳುಹಿಸಿದನೆಂದೂ, ರಾತ್ರಿ ಸಂಶಯ ಹುಟ್ಟಿತೆಂದೂ, ‘ಇಷ್ಟೂ ತಿಳಿಯದೆ?’ ಎಂಬ ಮಾತಿಗೆ ಅಂಜಿ ಮೇಲ್ವಿಚಾರಕನಿಗೆ ತಿಳಿಸದೆ ಉಳಿದನೆಂದೂ ಊಹಿಸೋಣ. ಹೊರಗಿನ ದೃಷ್ಟಿಗೆ ಇಲ್ಲಿ ಗುರುವಿಗೆ ಮರ್ಯಾದೆ ಸಂದಂತೆ ಕಾಣುವುದು. ನಿಜವಾಗಿ ಮರ್ಯಾದೆಯು ಮುರಿದದ್ದು ಇಲ್ಲಿಯೇ. ಅದರ ಬೆಲೆಯನ್ನು ತೆರಬೇಕಾಗುವವನು ರೋಗಿ. ಆದುದರಿಂದ ಗುರುಶಿಷ್ಯರ ಎಲ್ಲೆಯನ್ನು ಗೊತ್ತುಮಾಡುವ ಪ್ರಮಾಣವು ಗುರುವಿನ ಪ್ರತಿಷ್ಠೆಯೂ ಅಲ್ಲ, ಶಿಷ್ಯನ ಸೌಕರ್ಯವೂ ಅಲ್ಲ, ರೋಗಿಯ ಹಿತವೇ ಎಂಬುದು ಸಿದ್ಧಾಂತ.

ಈ ಪ್ರಮಾಣವನ್ನು ಹಿಡಿದು ಮರ್ಯಾದೆ ಅಭಿವಿಧಿಗಳನ್ನು ವಿಂಗಡಿಸಬಹುದು. ಮೇಲ್ವಿಚಾರಕನು ಶಿಕ್ಷಾರ್ಥಿಯ ಮನಸ್ಸನ್ನು ‘ಎಲ್ಲಿಯವರೆಗೆ’ ಕೆದಕಬಹುದು? ರೋಗಿಯ ಮುಂದೆ ಶಿಕ್ಷಾರ್ಥಿಗೆ ಕೋಪ ಬಂದಿತೋ, ಕನಿಕರ ಉಕ್ಕಿತೋ, ಅನುರಾಗವೇ ಹುಟ್ಟಿತೋ ಎಂಬುದು ಚಿಕಿತ್ಸೆಯನ್ನು ಮುಟ್ಟುವುದರಿಂದ ಅದನ್ನು ಕೇಳಬಹುದು, ಕೇಳಲೇಬೇಕು, ಇಲ್ಲಿ ಅಭಿವಿಧಿ. ಆ ಕೋಪದ ಬೇರು ಶಿಕ್ಷಾರ್ಥಿಯ ಬಾಲ್ಯದಲ್ಲಿಯೋ ದಾಂಪತ್ಯದಲ್ಲಿಯೋ ಇದ್ದರೆ, ಬೇರಿದೆಯೆಂಬ ತಿಳಿವಳಿಕೆಯವರೆಗೆ ಬಂದು ನಿಲ್ಲತಕ್ಕದ್ದು, ಅಗೆಯುವ ಕೆಲಸವು ಬೇರೊಬ್ಬ ಚಿಕಿತ್ಸಕನದು, ಇಲ್ಲಿ ಮರ್ಯಾದೆ. ಏಕೆಂದರೆ ಮೇಲ್ವಿಚಾರಕನು ಬೋಧಕನಾಗಿರುವಂತೆ ಪರೀಕ್ಷಕನೂ ಆಗಿದ್ದಾನೆ. ಅವನ ಸಹಿಯಿಲ್ಲದೆ ಶಿಕ್ಷಾರ್ಥಿಗೆ ವೃತ್ತಿಪ್ರವೇಶವಿಲ್ಲ. ಸಹಿ ಹಾಕುವ ಕೈಯ ಮುಂದೆ ಯಾರೂ ತಮ್ಮ ಎದೆಯನ್ನು ಪೂರ್ಣವಾಗಿ ತೆರೆಯಲಾರರು.

ಇದು ಯೂರೋಪಿನಲ್ಲಿಯೂ ಚರ್ಚಿತವಾದ ವಿಷಯ. ಬರ್ಲಿನ್ನಿನಲ್ಲಿ ೧೯೨೦ರಲ್ಲಿ ಸ್ಥಾಪಿತವಾದ ಮನೋವಿಶ್ಲೇಷಣದ ಚಿಕಿತ್ಸಾಲಯವು ಶಿಕ್ಷಾರ್ಥಿಯ ಸ್ವಂತ ವಿಶ್ಲೇಷಣವನ್ನೂ ಅವನ ಚಿಕಿತ್ಸಾಕಾರ್ಯದ ಮೇಲ್ವಿಚಾರಣೆಯನ್ನೂ ಬೇರೆ ಬೇರೆಯವರಿಗೆ ಒಪ್ಪಿಸುವ ಕ್ರಮವನ್ನು ಬೆಳೆಸಿತು. ಬುಡಾಪೆಸ್ಟಿನವರು ಎರಡನ್ನೂ ಒಬ್ಬನೇ ಮಾಡಬೇಕೆಂದು ವಾದಿಸಿದರು. ಬುಡಾಪೆಸ್ಟಿನವರ ಪಕ್ಷದಲ್ಲಿಯೂ ಯುಕ್ತಿಯಿಲ್ಲದಿಲ್ಲ: ಶಿಷ್ಯನ ಮನಸ್ಸನ್ನು ಬಲ್ಲವನೇ ಅವನ ಕೆಲಸದ ದೋಷದ ಮೂಲವನ್ನು ಬೇಗ ಕಾಣಬಲ್ಲನು. ಆದರೆ ಪರೀಕ್ಷಕನ ಅಧಿಕಾರವು ನಡುವೆ ಸೇರಿದಾಗ ಬರ್ಲಿನ್ನಿನವರ ವಿಂಗಡಣೆಯೇ ಕ್ಷೇಮಕರವೆಂದು ತೋರುವುದು.

೫. ಐದು ತಾಲ್ಲೂಕುಗಳ ಸಂದರ್ಭದಲ್ಲಿ

ನಗರದಲ್ಲಿ ಬರೆದ ನಿಯಮವು ನಮ್ಮ ಊರುಗಳಲ್ಲಿ ಇದ್ದಂತೆಯೇ ನಡೆಯದು. ಇಲ್ಲಿ ಆಸ್ಪತ್ರೆಯ ಸಹೋದ್ಯೋಗಿಯು ಅಣ್ಣನೋ ಅಕ್ಕನೋ ಆಗಿರುವನು. ರೋಗಿಯು ಶಿಕ್ಷಾರ್ಥಿಯ ಬೀಗರ ಕಡೆಯವನೋ ಮೇಲ್ವಿಚಾರಕನ ಓಣಿಯವನೋ ಆಗಿರುವನು. ಬಾಂಧವ್ಯದ ಸಂಬೋಧನೆಗಳನ್ನು ತೆಗೆದುಹಾಕಬೇಕೆಂದು ನಾವು ಹೇಳುವುದಿಲ್ಲ. ಅವು ನಮ್ಮ ಭಾಷೆಯ ಜೀವಾಳ. ಆದರೆ ‘ಅಣ್ಣಾ’ ಎಂದು ಕರೆದಮಾತ್ರಕ್ಕೆ ಕಡತವನ್ನು ತೋರಿಸುವ ಋಣವು ಹುಟ್ಟದು. ರೋಗಿಯು ತನಗಾಗಲಿ ಮೇಲ್ವಿಚಾರಕನಿಗಾಗಲಿ ನಂಟನೆಂದು ತಿಳಿದೊಡನೆ ಶಿಕ್ಷಾರ್ಥಿಯು ಅದನ್ನು ಹೇಳಿ, ಸಾಧ್ಯವಾದರೆ ಆ ರೋಗಿಯನ್ನು ಇನ್ನೊಬ್ಬರಿಗೆ ಒಪ್ಪಿಸತಕ್ಕದ್ದು. ಇನ್ನೊಬ್ಬರು ಇಲ್ಲದಿದ್ದರೆ ರೋಗಿಗೆ ಅದನ್ನು ತಿಳಿಸಿ, ಅವನ ಒಪ್ಪಿಗೆಯನ್ನು ಬರೆದಿಟ್ಟು ಮುಂದುವರಿಯಬೇಕು. ಕೊಟ್ಟೂರಿನ ರಥೋತ್ಸವದಲ್ಲಿಯೋ ಹಡಗಲಿ ತಾಲ್ಲೂಕಿನ ಮೈಲಾರದ ಜಾತ್ರೆಯಲ್ಲಿಯೋ ರೋಗಿಯು ಎದುರಾದರೆ, ಅವನು ಮಾತನಾಡಿಸಿದ ಮೇಲೆ ಮಾತನಾಡಿಸುವುದು, ಮಾತನಾಡಿಸಿದರೂ ಕಾಯಿಲೆಯ ವಿಷಯವನ್ನು ಎತ್ತದಿರುವುದು ಉಚಿತ.

ಶುಶ್ರೂಷೆಯ ವಿಷಯವೂ ವಿಚಾರಣೀಯವಾಗಿದೆ. ಶಿಷ್ಯನು ಸಮಿತ್ತನ್ನು ತರುತ್ತಿದ್ದನು, ಗುರುವಿನ ಹಸುಗಳನ್ನು ಕಾಯುತ್ತಿದ್ದನು. ಹಾಗಾದರೆ ಇಂದಿನ ಶಿಕ್ಷಾರ್ಥಿಯು ಮೇಲ್ವಿಚಾರಕನ ಮನೆಗೆಲಸಕ್ಕೆ ಓಡಾಡಿದರೆ, ಅವನ ಲೇಖನವನ್ನು ಬರೆದುಕೊಟ್ಟರೆ ದೋಷವೇನು ಎಂಬ ಶಂಕೆ ಹುಟ್ಟಬಹುದು. ಸಮಾಧಾನವಿದು: ಗುರುಕುಲದಲ್ಲಿ ಶಿಷ್ಯನಿಗೆ ಆಶ್ರಯವೂ ವಿದ್ಯೆಯೂ ಗುರುವಿನಿಂದಲೇ ಬರುತ್ತಿದ್ದವು, ಸೇವೆಯು ಅದಕ್ಕೆ ಪ್ರತಿಯಾಗಿ, ಲೋಕವೆಲ್ಲ ಕಾಣುವಂತೆ ಸಲ್ಲುತ್ತಿದ್ದಿತು. ಇಂದು ಶಿಕ್ಷಾರ್ಥಿಯು ಶುಲ್ಕವನ್ನು ತೆತ್ತಿದ್ದಾನೆ, ಮೇಲ್ವಿಚಾರಕನು ಸಂಬಳವನ್ನು ಪಡೆದಿದ್ದಾನೆ, ಲೆಕ್ಕವು ಚುಕ್ತವಾಗಿದೆ. ಅದರ ಮೇಲೆ ಕೇಳುವ ಸೇವೆಯು ಎರಡನೆಯ ಶುಲ್ಕ. ರೋಗಿಯ ಕಡೆಯವರು ತರುವ ಶೇಂಗಾದ ಚೀಲಕ್ಕೂ ಜೋಳದ ಚೀಲಕ್ಕೂ ಇದೇ ನ್ಯಾಯ. ಒರಟಾಗಿ ತಳ್ಳಿದರೆ ಅವರ ಮನಸ್ಸು ನೋಯುವುದು. ಇಟ್ಟುಕೊಂಡರೆ ಮುಂದಿನ ಮಾತಿಗೆ ಭಾರ ಬರುವುದು. ‘ನೀವು ಬಂದದ್ದೇ ಸಾಕು’ ಎಂದು ನಯವಾಗಿ ಮರಳಿಸಿ, ಆ ಸಂಗತಿಯನ್ನು ಮೇಲ್ವಿಚಾರಕನಿಗೆ ತಿಳಿಸುವುದು ಸರಿಯಾದ ಮಾರ್ಗ.

ಮೇಲ್ವಿಚಾರಣೆಯ ಆರಂಭದಲ್ಲಿಯೇ ಶಾಸನದ ಎಲ್ಲೆಗಲ್ಲುಗಳಂತೆ ಕೆಲವು ಸಂಗತಿಗಳನ್ನು ಬರಹದಲ್ಲಿ ನೆಡಬೇಕು. ವಾರದಲ್ಲಿ ಯಾವ ದಿನ, ಎಷ್ಟು ಹೊತ್ತು ಭೇಟಿ. ಮೇಲ್ವಿಚಾರಕನು ಹೊಸಪೇಟೆಯಲ್ಲಿಯೋ ಬಳ್ಳಾರಿಯಲ್ಲಿಯೋ ಇದ್ದು ಶಿಕ್ಷಾರ್ಥಿಯು ತಾಲ್ಲೂಕಿನಲ್ಲಿರುವಾಗ ತುರ್ತಿಗೆ ಯಾರನ್ನು ಕೇಳಬೇಕು. ಯಾವ ಸಂಗತಿಯನ್ನು ರಾತ್ರಿಯಾದರೂ ದೂರವಾಣಿಯಲ್ಲಿ ತಿಳಿಸಬೇಕು. ಗುಣದೋಷಗಳನ್ನು ಯಾವ ಆಧಾರದಿಂದ ಎಣಿಸಲಾಗುವುದು. ಅದರಲ್ಲಿ ಅಸಮ್ಮತಿಯಿದ್ದರೆ ಯಾರಲ್ಲಿ ಹೇಳಿಕೊಳ್ಳಬೇಕು ಎಂಬಿವು ಮುಖ್ಯವಾದವು. ತನ್ನೊಡನೆ ಮಾತನಾಡುತ್ತಿರುವವನು ಶಿಕ್ಷಾರ್ಥಿಯೆಂದೂ, ತನ್ನ ವಿಷಯವನ್ನು ಹಿರಿಯನೊಬ್ಬನೊಡನೆ ಆಲೋಚಿಸಲಾಗುವುದೆಂದೂ ರೋಗಿಗೆ ಮೊದಲೇ ತಿಳಿದಿರಬೇಕು.

ಎಲ್ಲೆಯನ್ನು ಮೀರಿದವನು ಮೇಲ್ವಿಚಾರಕನೇ ಆದರೆ? ಅಲ್ಪವಾದುದಕ್ಕೆ ಏಕಾಂತದಲ್ಲಿ ವಿನಯದಿಂದ ಹೇಳುವುದು ಮೊದಲ ಉಪಾಯ; ದಿನಾಂಕ ಸಹಿತವಾಗಿ ಬರೆದಿಟ್ಟುಕೊಂಡು ಸಂಸ್ಥೆಯ ಮುಖ್ಯರಿಗೆ ನಿವೇದಿಸುವುದು ಎರಡನೆಯದು. ಸ್ತ್ರೀಯಾದ ಶಿಕ್ಷಾರ್ಥಿಯ ಮಾನಕ್ಕೆ ಭಂಗ ತರುವ ನಡತೆಯಾದರೆ ಏಕಾಂತದ ಉಪಾಯಕ್ಕಾಗಿ ಕಾಯಬೇಕಾಗಿಲ್ಲ. ಕೆಲಸದ ಸ್ಥಳದಲ್ಲಿ ಸ್ತ್ರೀಯರ ಮೇಲಣ ಲೈಂಗಿಕ ಕಿರುಕುಳವನ್ನು ತಡೆಯುವ ೨೦೧೩ರ ಕಾಯಿದೆಯು ಶಿಕ್ಷಾರ್ಥಿಗಳನ್ನೂ ಉದ್ಯೋಗಿಗಳೆಂಬ ಲಕ್ಷಣದಲ್ಲಿ ಸ್ಪಷ್ಟವಾಗಿ ಸೇರಿಸಿದೆ. ಹತ್ತು ಮಂದಿಯೂ ಅದಕ್ಕೆ ಮೇಲ್ಪಟ್ಟೂ ಕೆಲಸಗಾರರಿರುವಲ್ಲಿ ಆಂತರಿಕ ಸಮಿತಿ, ಇಲ್ಲದೆಡೆ ಜಿಲ್ಲೆಯ ಸ್ಥಳೀಯ ಸಮಿತಿ ಇರತಕ್ಕದ್ದು. ಮೂರು ತಿಂಗಳೊಳಗೆ ಬರಹದಲ್ಲಿ ದೂರು ಕೊಡಬೇಕು, ತಕ್ಕ ಕಾರಣವಿದ್ದರೆ ಸಮಿತಿಯು ಇನ್ನೂ ಮೂರು ತಿಂಗಳ ಅವಧಿಯನ್ನು ಕೊಡಬಹುದು. ಹೀಗೆ ದೂರು ಕೊಡುವುದು ಗುರುದ್ರೋಹವಲ್ಲ. ಮಹತ್ತಾದ ಅಧರ್ಮಕ್ಕೆ ಗುರುವಿನ ಆಜ್ಞೆಯು ವ್ಯಾಪಿಸದೆಂದು ಚರಕನ ದೀಕ್ಷಾವಿಧಿಯೇ ಹೇಳಿರುವುದನ್ನು ಮೇಲೆ ಕಂಡಿದ್ದೇವೆ.

೬. ಉಪಸಂಹಾರ

ಮೇಲಿನ ವಿಚಾರದಿಂದ ಮೂರು ಸಂಗತಿಗಳು ನಿಷ್ಪನ್ನವಾಗುತ್ತವೆ. ಮರ್ಯಾದೆಯೆಂಬುದು ಮೂಲದಲ್ಲಿ ಉಭಯರ ಎಲ್ಲೆ. ಗೌರವವು ಆ ಎಲ್ಲೆಯನ್ನು ಕಾಯ್ದುದರ ಫಲ. ವೈದ್ಯವಿದ್ಯೆಯ ನಮ್ಮ ಪ್ರಾಚೀನರು ಗುರುವಿಗೂ ಶಿಷ್ಯನಿಗೂ ಎಲ್ಲೆಯನ್ನು ಹೇಳಿದರು, ಗುರುವಿನಿಂದಲೂ ಪ್ರತಿಜ್ಞೆ ಮಾಡಿಸಿದರು. ಆ ಎಲ್ಲೆಯನ್ನು ಎಲ್ಲಿ ನೆಡಬೇಕೆಂಬುದಕ್ಕೆ ಕೋಣೆಯಲ್ಲಿಲ್ಲದ ಮೂರನೆಯವನ ಹಿತವೇ ಪ್ರಮಾಣ.

ಸಾಹಿತ್ಯವನ್ನು ಬೋಧಿಸುವ ಉಪಾಧ್ಯಾಯರು ‘ಮರ್ಯಾದೆ’ ಎಂಬ ಶಬ್ದವು ಪಾಠದಲ್ಲಿ ಬಂದಾಗ ಅದರ ಎರಡು ಅರ್ಥಗಳನ್ನೂ ಅವುಗಳ ಕ್ರಮವನ್ನೂ ಮಕ್ಕಳಿಗೆ ಬಿಡಿಸಿ ಹೇಳಿದರೆ ಉಪಕಾರವಾಗುವುದು. ಅವರಲ್ಲಿ ಕೆಲವರು ಮುಂದೆ ರೋಗಿಯ ಎದುರಿಗೆ ಕುಳಿತುಕೊಳ್ಳುವರು. ಕೆಲವರು ಅಂಥವರ ಮೇಲ್ವಿಚಾರಕರಾಗುವರು. ‘ನನಗೆ ತಿಳಿಯಲಿಲ್ಲ, ಬಂದು ನೋಡಿರಿ’ ಎಂದು ಕಿರಿಯನು ಹೇಳುವುದು, ಹೇಳಿದುದನ್ನು ಹಿರಿಯನು ಕೋಪವಿಲ್ಲದೆ ಕೇಳುವುದು, ಎರಡೂ ಮರ್ಯಾದೆಯೇ ಎಂದು ಅವರು ಬಾಲ್ಯದಲ್ಲಿ ಅರಿತಿದ್ದರೆ ಲೇಸು. ವಿದ್ವಾಂಸರು ಈ ಅರ್ಥನಿರ್ಣಯವನ್ನು ಪರಿಶೀಲಿಸಿ, ಇಲ್ಲಿಯ ನ್ಯೂನಾತಿರೇಕಗಳನ್ನು ತೋರಿಸಿಕೊಡಬೇಕೆಂದು ಪ್ರಾರ್ಥಿಸುತ್ತೇವೆ.